ಕಾಡು, ಕಡಲು ಉಳಿಸಲು ದೊಡ್ಡ ಮೊತ್ತ ಕೊಡುವವರು ಮೊದಲು ಮಾಡಬೇಕಾದ ಲೆಕ್ಕ

ದೊಡ್ಡ ದೇಣಿಗೆಗಳು ಹಾಳಾಗುವುದು ಹೆಚ್ಚಾಗಿ ಜಮೀನು ಕೊಂಡ ಮೇಲೆ. ಖರೀದಿಗೆ ಕೋಟಿಗಟ್ಟಲೆ ಸುರಿದು, ಐದನೇ ವರ್ಷಕ್ಕೆ ಕಾವಲುಗಾರರ ಸಂಬಳಕ್ಕೇ ದುಡ್ಡಿಲ್ಲವೆಂದು ಕೈಚೆಲ್ಲಿದರೆ ಅಲ್ಲಿ ಮರವೂ ಉಳಿಯುವುದಿಲ್ಲ, ಮೃಗವೂ ಉಳಿಯುವುದಿಲ್ಲ. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಶುರುಮಾಡಿ: ಈ ಜಾಗ ಕಾಯಲು ವರ್ಷಕ್ಕೆ ಎಷ್ಟು ಬೇಕು?

ಸಂಬಳ, ವಿಮೆ, ವಾಹನ, ಇಂಧನ, ರೇಡಿಯೊ, ಗಡಿಕಲ್ಲು, ಬೆಂಕಿ ತಡೆಯುವ ಕೆಲಸ, ಕಾಡುಪ್ರಾಣಿಯಿಂದ ಬೆಳೆ ಅಥವಾ ದನ ಕಳೆದುಕೊಂಡವರಿಗೆ ಪರಿಹಾರ, ವರ್ಷಕ್ಕೊಮ್ಮೆ ಸಮೀಕ್ಷೆ ಎಲ್ಲವನ್ನೂ ಕೂಡಿಸಿ. 10 ಲಕ್ಷ ಡಾಲರ್ ಬಂತೆನ್ನಿ. ಅದನ್ನು 25ರಿಂದ ಗುಣಿಸಿದರೆ 2.5 ಕೋಟಿ ಡಾಲರ್. ಅಷ್ಟು ಮೂಲನಿಧಿ ಬೇಕು. ಅದರಿಂದ ವರ್ಷಕ್ಕೆ ಶೇ 4ರಷ್ಟು, ಅಂದರೆ ಆ 10 ಲಕ್ಷ ಡಾಲರ್ ಮಾತ್ರ ತೆಗೆದರೆ ಬೆಲೆ ಏರಿಕೆಯನ್ನೂ ತಾಳಿಕೊಂಡು ಅಸಲು ಉಳಿಯುವ ಸಾಧ್ಯತೆ ಹೆಚ್ಚು. ಶೇ 8 ತೆಗೆಯುತ್ತಾ ಹೋದರೆ ಮಾರುಕಟ್ಟೆ ಕುಸಿದ ಒಂದೆರಡು ವರ್ಷದಲ್ಲೇ ಅಸಲು ಕರಗತೊಡಗುತ್ತದೆ. ನಿಧಿಯಿಂದ ಆದಾಯ ಬರುವ ತನಕ ಮೊದಲ ಐದು ವರ್ಷದ ಖರ್ಚನ್ನು ಬೇರೆಯಾಗಿ ಇಡಿ. ಇಷ್ಟು ಹೊಂದಿಸಲು ಆಗದಿದ್ದರೆ ಜಾಗ ಚಿಕ್ಕದು ಮಾಡಿ, ಕಾವಲು ಕಡಿಮೆ ಮಾಡಬೇಡಿ.

ಜಾಗ ಆರಿಸುವಾಗ ಅದರ ಅಂದಕ್ಕಿಂತ ಅದರ ಸುತ್ತ ಏನಿದೆ ಎಂಬುದನ್ನು ನೋಡಿ. ಅಮೆರಿಕದ ಉದ್ಯಮಿಗಳಾದ ಡಗ್ಲಾಸ್ ಮತ್ತು ಕ್ರಿಸ್ಟಿನ್ ಟಾಂಪ್ಕಿನ್ಸ್ ದಂಪತಿ ಚಿಲಿಯಲ್ಲಿ ಕೊಂಡ ಜಮೀನಿನಲ್ಲಿ ಸುಮಾರು 4 ಲಕ್ಷ ಹೆಕ್ಟೇರ್ ಅನ್ನು ಸರ್ಕಾರಕ್ಕೆ ಕೊಟ್ಟಾಗ, ಸರ್ಕಾರ ತನ್ನ ಜಮೀನನ್ನೂ ಸೇರಿಸಿತು. 2018ರ ಜನವರಿಯಲ್ಲಿ ಒಟ್ಟು ಸುಮಾರು 40 ಲಕ್ಷ ಹೆಕ್ಟೇರ್‌ಗೆ ರಾಷ್ಟ್ರೀಯ ಉದ್ಯಾನದ ರಕ್ಷಣೆ ಸಿಕ್ಕಿತು: ಐದು ಹೊಸ ಉದ್ಯಾನ, ಮೂರರ ವಿಸ್ತರಣೆ. ನಿಮ್ಮ ಒಂದು ಹೆಕ್ಟೇರ್ ಪಕ್ಕದ ಎಷ್ಟು ಸರ್ಕಾರಿ ಜಮೀನಿಗೆ ಬಾಗಿಲು ತೆಗೆಯಬಲ್ಲದು ಎಂಬುದನ್ನು ಖರೀದಿಗೆ ಮೊದಲೇ ಅಂದಾಜು ಮಾಡಿ.

ಹಕ್ಕುಪತ್ರ ಪರಿಶೀಲಿಸುವಾಗ ಮೇಲ್ಮಣ್ಣಿನ ಮಾಲೀಕತ್ವ ನೋಡಿ ನಿಲ್ಲಬೇಡಿ. ಗಣಿ ಹಕ್ಕು, ನೀರಿನ ಹಕ್ಕು, ಮರ ಕಡಿಯುವ ಗುತ್ತಿಗೆ ಬೇರೆಯವರ ಹೆಸರಿನಲ್ಲಿದ್ದರೆ ನೀವು ಕೊಂಡದ್ದು ಅರ್ಧ ಕಾಡು. ವಕೀಲರು ಕಾಗದ ನೋಡುತ್ತಿರುವಾಗಲೇ ಇನ್ನೊಂದು ತಂಡ ಗಡಿಯುದ್ದಕ್ಕೂ ನಡೆಯಲಿ. ದನ ಮೇಯಿಸುವ ಜಾಗ, ಕಾಲ್ದಾರಿ, ಹಳೆಯ ಸಮಾಧಿ, ಜೇನು ತೆಗೆಯುವ ಮರ ಯಾವುದೂ ದಾಖಲೆಯಲ್ಲಿ ಇರುವುದಿಲ್ಲ. ಮುಂದಿನ ಜಗಳಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಗುಟ್ಟಾಗಿ ಕೊಳ್ಳುವುದು ಅಗ್ಗವೆನಿಸುತ್ತದೆ. ತೈಲದಿಂದ ಸಿರಿವಂತವಾದ ಕುಟುಂಬದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅಮೆರಿಕದ ಜಾಕ್ಸನ್ ಹೋಲ್ ಕಣಿವೆಯಲ್ಲಿ ತಮ್ಮ ಹೆಸರು ಮರೆಮಾಚಿ, ಒಂದು ಕಂಪನಿಯ ಮೂಲಕ ಸುಮಾರು 14,000 ಹೆಕ್ಟೇರ್ ಕೊಂಡರು. 1930ರಲ್ಲಿ ವಿಷಯ ಬಯಲಾಯಿತು, ಊರು ತಿರುಗಿಬಿತ್ತು. ಆ ಜಮೀನು ಗ್ರ್ಯಾಂಡ್ ಟೀಟನ್ ಉದ್ಯಾನಕ್ಕೆ ಸೇರಿದ್ದು 1950ರಲ್ಲಿ. ಬೆಲೆಯ ಮಾತುಕತೆ ಗುಟ್ಟಾಗಿರಲಿ, ಅದರಲ್ಲಿ ತಪ್ಪಿಲ್ಲ; ಆದರೆ ಉದ್ದೇಶ ಮೊದಲ ದಿನವೇ ಬಹಿರಂಗವಾಗಿರಲಿ.

ಕೊಂಡ ಮೇಲಿನ ಮೊದಲ ಕೆಲಸ ಬಹಳ ಸಲ ಬೇಲಿ ಕೀಳುವುದು. ಟಾಂಪ್ಕಿನ್ಸ್ ದಂಪತಿ 2004ರಲ್ಲಿ ಕೊಂಡ ಚಕಬುಕೊ ಕಣಿವೆ ಕುರಿ ಸಾಕುವ ಜಮೀನಾಗಿತ್ತು. ಒಂಟೆಯ ಬಳಗಕ್ಕೆ ಸೇರಿದ ಅಲ್ಲಿನ ಕಾಡುಪ್ರಾಣಿ ಗ್ವಾನಾಕೊಗಳು ತಂತಿ ಬೇಲಿಗೆ ಸಿಕ್ಕಿ ಸಾಯುತ್ತಿದ್ದವು, ನೂರಾರು ಕಿಲೋಮೀಟರ್ ಬೇಲಿ ತೆಗೆಯಬೇಕಾಯಿತು. ತಂತಿಯನ್ನು ಕತ್ತರಿಸಿ ಅಲ್ಲೇ ಬಿಟ್ಟರೆ ಹುಲ್ಲಿನಲ್ಲಿ ಹುದುಗಿ ಪ್ರಾಣಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊದಲು ಕಂಬದಿಂದ ಮೊಳೆಗಳನ್ನು ಕಿತ್ತು ಡಬ್ಬಿಗೆ ಹಾಕಿ, ತಂತಿಯನ್ನು ಒಂದು ತುದಿಯಿಂದ ಸುರುಳಿ ಸುತ್ತುತ್ತಾ ಬನ್ನಿ, ಕಂಬ ಕೀಳುವುದು ಕೊನೆಗೆ. ಈ ಕೆಲಸಕ್ಕೆ ಅಲ್ಲಿ ಮೊದಲಿಂದ ದುಡಿಯುತ್ತಿದ್ದವರನ್ನೇ ಇಟ್ಟುಕೊಳ್ಳಿ. ಆ ನೆಲದ ಪ್ರತಿ ತೊರೆ ಅವರಿಗೆ ಗೊತ್ತು.

ಕಡಲಿನ ಲೆಕ್ಕವೇ ಬೇರೆ. ಕಡಲನ್ನು ಯಾರೂ ಕೊಳ್ಳಲಾಗದು. ನಿಮ್ಮ ದುಡ್ಡು ಕೊಳ್ಳಬಹುದಾದದ್ದು ಸಮೀಕ್ಷೆ, ನಕ್ಷೆ, ಗಸ್ತು ಮತ್ತು ಸಾಲದ ಬಿಡುಗಡೆ. ಸೀಶೆಲ್ಸ್ ದೇಶದ 2.16 ಕೋಟಿ ಡಾಲರ್ ಸಾಲವನ್ನು 2016ರಲ್ಲಿ ದಾನ ಮತ್ತು ಕಡಿಮೆ ಬಡ್ಡಿಯ ಹಣದಿಂದ ತೀರಿಸಲಾಯಿತು. ಅದಕ್ಕೆ ಪ್ರತಿಯಾಗಿ ಆ ದೇಶ 2020ರ ಮಾರ್ಚ್ ಹೊತ್ತಿಗೆ ತನ್ನ ಕಡಲಿನ ಶೇ 30ರಷ್ಟಕ್ಕೆ, ಸುಮಾರು 4.1 ಲಕ್ಷ ಚದರ ಕಿಲೋಮೀಟರ್‌ಗೆ, ರಕ್ಷಣೆ ಘೋಷಿಸಿತು.

ಘೋಷಣೆಯಿಂದಲೇ ಮೀನು ಹೆಚ್ಚುವುದಿಲ್ಲ. 2014ರಲ್ಲಿ 87 ಕಡಲ ರಕ್ಷಿತ ಪ್ರದೇಶಗಳನ್ನು ಅಳೆದ ಅಧ್ಯಯನವೊಂದು ಐದು ಗುಣಗಳನ್ನು ಎತ್ತಿಹೇಳಿತು: ಮೀನುಗಾರಿಕೆ ಪೂರ್ಣ ನಿಷೇಧ, ಬಿಗಿ ಜಾರಿ, 10 ವರ್ಷ ಮೀರಿದ ವಯಸ್ಸು, 100 ಚದರ ಕಿಲೋಮೀಟರ್ ಮೀರಿದ ವಿಸ್ತಾರ, ಆಳ ನೀರು ಅಥವಾ ಮರಳಿನಿಂದ ಪ್ರತ್ಯೇಕವಾಗಿರುವುದು. ಒಂದೆರಡು ಗುಣ ಮಾತ್ರ ಇದ್ದ ಶೇ 59ರಷ್ಟು ಪ್ರದೇಶಗಳು ಮೀನು ಹಿಡಿಯುವ ಜಾಗಗಳಿಗಿಂತ ಬೇರೆಯಾಗಿರಲಿಲ್ಲ. ಜಾರಿಗೆ ದುಡ್ಡಿಲ್ಲದ ಯೋಜನೆಗೆ ಸಹಿ ಹಾಕಬೇಡಿ ಎನ್ನುವುದು ಇದಕ್ಕೇ.

ಗಸ್ತು ದೋಣಿಗೆ ಒಂದೇ ದೊಡ್ಡ ಎಂಜಿನ್ ಬೇಡ, ಎರಡು ಇರಲಿ. ಒಂದು ಕೆಟ್ಟರೂ ದಡ ಸೇರಬೇಕು. ಸುಮಾರು 100 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು. ತಂಪುನೀರಿನ ಪಂಪಿನ ರಬ್ಬರ್ ಚಕ್ರ ಸವೆದರೆ ಎಂಜಿನ್ ಕಾದು ಹಾಳಾಗುತ್ತದೆ, ಅದರ ಬದಲಿ ಭಾಗ ದೋಣಿಯಲ್ಲೇ ಇರಲಿ. ದಾನಿಗಳು ದೋಣಿ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಇಂಧನದ ಖಾತೆ ತೆರೆಯಲು ಮರೆಯುತ್ತಾರೆ. ಉಪಗ್ರಹ ನಿಗಾ ಗಸ್ತಿಗೆ ಒಳ್ಳೆಯ ಜೊತೆ, ಬದಲಿ ಅಲ್ಲ: ದೊಡ್ಡ ಹಡಗುಗಳು ತಾವಿರುವ ಜಾಗ ತಿಳಿಸುವ ಸಂಕೇತ ಸಾಧನವನ್ನು ಆರಿಸಿಬಿಡಬಹುದು, ಸಣ್ಣ ದೋಣಿಗಳಲ್ಲಿ ಅದು ಇರುವುದೇ ಅಪರೂಪ.

ಸಂಬಂಧಪಟ್ಟವರನ್ನು ಕೇಳದೆ ಮಾಡಿದ ಕೆಲಸ ನ್ಯಾಯಾಲಯದಲ್ಲಿ ಬೀಳಬಹುದು. ಬ್ರಿಟನ್ 2010ರಲ್ಲಿ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಸುತ್ತ ದಾನದ ನೆರವಿನೊಂದಿಗೆ ರಕ್ಷಿತ ಕಡಲು ಘೋಷಿಸಿತು; ಆ ದ್ವೀಪಗಳಿಂದ ಹೊರಹಾಕಲ್ಪಟ್ಟ ಜನ ವಿರೋಧಿಸಿದರು. ಆ ದ್ವೀಪಗಳು ತನಗೆ ಸೇರಬೇಕೆನ್ನುತ್ತಿದ್ದ ಮಾರಿಷಸ್ ಹೂಡಿದ ದಾವೆಯಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ 2015ರಲ್ಲಿ ಆ ಘೋಷಣೆ ಸಮುದ್ರ ಕಾನೂನಿಗೆ ವಿರುದ್ಧ ಎಂದಿತು. ಮೆಕ್ಸಿಕೊದ ಕಾಬೊ ಪುಲ್ಮೊದಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಅಲ್ಲಿನ ಮೀನುಗಾರ ಕುಟುಂಬಗಳೇ ಮುಂದೆ ನಿಂತು, 1995ರಲ್ಲಿ ಉದ್ಯಾನವಾದ 71 ಚದರ ಕಿಲೋಮೀಟರ್ ಕಡಲನ್ನು ಕಾದವು. 1999ರಿಂದ 2009ರ ನಡುವೆ ಮೀನಿನ ಒಟ್ಟು ತೂಕ ಶೇ 460ಕ್ಕೂ ಹೆಚ್ಚು ಏರಿತು.

ಹಣವನ್ನು ಒಮ್ಮೆಲೇ ಕೈಬಿಡಬೇಡಿ. ಕೆನಡಾದ ಗ್ರೇಟ್ ಬೇರ್ ಮಳೆಕಾಡಿಗೆ 12 ಕೋಟಿ ಕೆನಡಾ ಡಾಲರ್ ಕೂಡಿಸಿದಾಗ ಖಾಸಗಿ ದಾನವಾಗಿ ಬಂದ ಅರ್ಧ ಸಂರಕ್ಷಣೆಯ ಮೂಲನಿಧಿಗೆ ಹೋಯಿತು, ಸರ್ಕಾರಗಳು ಕೊಟ್ಟ ಇನ್ನರ್ಧ ಮೂಲನಿವಾಸಿಗಳ ಉದ್ಯಮಗಳಿಗೆ. ಬ್ರೆಜಿಲ್‌ನ ಅಮೆಜಾನ್ ಉದ್ಯಾನಗಳಿಗೆ 2014ರಲ್ಲಿ ಹೊಂದಿಸಿದ 21.5 ಕೋಟಿ ಡಾಲರ್‌ನ ನಿಧಿ 25 ವರ್ಷಗಳಲ್ಲಿ ಇಳಿಯುತ್ತಾ ಬರುವಂತೆ, ಸರ್ಕಾರದ ಪಾಲು ಏರುತ್ತಾ ಹೋಗುವಂತೆ ಕಟ್ಟಿದ್ದು. ನಿಮ್ಮ ಒಪ್ಪಂದದಲ್ಲೂ ಯಾವ ವರ್ಷ ಸರ್ಕಾರ ಎಷ್ಟು ಕಾವಲುಗಾರರ ಸಂಬಳ ವಹಿಸಿಕೊಳ್ಳಬೇಕು ಎಂದು ಸಂಖ್ಯೆಯಲ್ಲಿ ಬರೆಸಿ. ತಪ್ಪಿದರೆ ಮುಂದಿನ ಕಂತು ನಿಲ್ಲಲಿ, ಆದರೆ ಸಂಬಳದ ಕಂತು ಮಾತ್ರ ನಿಲ್ಲಬಾರದು. ದಾನಪತ್ರದಲ್ಲಿ ಜಮೀನಿನ ಬಳಕೆ ಬದಲಿಸುವಂತಿಲ್ಲ ಎಂಬ ಷರತ್ತನ್ನೂ, ಅದು ಮುರಿದರೆ ಜಮೀನು ಯಾವ ಟ್ರಸ್ಟಿಗೆ ಮರಳಬೇಕು ಎಂಬುದನ್ನೂ ಬರೆಸಿ, ನೋಂದಣಿ ಮಾಡಿಸಿದ ಮೇಲೆಯೇ ಕೀಲಿ ಕೊಡಿ.