ಅಜ್ಜಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಿ: ಮನೆತನದ ನೆನಪು ಬರೆದಿಡುವ ಬಗೆ

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಮುಂದೆ ಮೊಬೈಲ್ ಇಟ್ಟು "ಹಳೇ ಕಾಲದ್ದು ಏನಾದ್ರೂ ಹೇಳಜ್ಜಿ" ಅಂದಿದ್ದೆ. "ಏನ್ ಹೇಳೋದಪ್ಪ, ದುಡುದ್ವಿ, ಉಂಡ್ವಿ" ಅಂದು ಅಜ್ಜಿ ಸುಮ್ಮನಾದರು. ಕೇಳುವ ಜಾಗ ತಪ್ಪಿತ್ತು, ಅಷ್ಟೇ. ಮಾರನೇ ದಿನ ಕಣದ ಹತ್ತಿರ ಮೂಲೆಯಲ್ಲಿ ಬಿದ್ದಿದ್ದ, ರಾಗಿ ಒಕ್ಕುವ ಗುಂಡುಕಲ್ಲು ನೋಡಿದ್ದೇ ತಡ, ಯಾವ ಜೋಡಿ ಎತ್ತು ಅದನ್ನು ಎಳೆಯುತ್ತಿತ್ತು, ರಾತ್ರಿ ಕಣ ಕಾಯಲು ಯಾರು ಮಲಗುತ್ತಿದ್ದರು, ಗಾಳಿ ಬರದೆ ರಾಗಿ ತೂರಲು ಎಷ್ಟು ದಿನ ಕಾದರು, ಎಲ್ಲ ತಾನಾಗೇ ಬಂತು.

ಅದಕ್ಕೇ ಮೊದಲು ಹೊಲಕ್ಕೆ ಹೋಗಿ. ಬೆಳಗಿನ ಹೊತ್ತು, ಬಿಸಿಲೇರುವ ಮುಂಚೆ. ನಡೆಯಲು ಆಗದವರಿಗೆ ಒಂದೊಂದೇ ಸಾಮಾನು ತಂದು ಕೈಗೆ ಕೊಡಿ: ಮೊರ, ಸೇರು, ಕುಡುಗೋಲು. ನಮ್ಮದು ತುಮಕೂರು ಕಡೆ, ರಾಗಿ ಸೀಮೆ, ಹಾಗಾಗಿ ನಾನು ಕೇಳಿದ್ದು ಅಕ್ಕಡಿ ಸಾಲಿನ ಬಗ್ಗೆ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಆ ಸಾಲಿನ ಬೀಜ ಎತ್ತಿಡುವ ಕೆಲಸ ಹೆಂಗಸರದ್ದು ಅಂತ ಅಜ್ಜಿ ಹೇಳಿದರು. ಹಗೇವಿನ ಬಗ್ಗೆಯೂ ಮರೆಯದೆ ಕೇಳಿ. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾಯುತ್ತಿದ್ದರು. ನಿಮ್ಮ ಮನೆಯಲ್ಲಿ ಯಾರು ಇಳಿಯುತ್ತಿದ್ದರು? ಆ ಒಂದು ಪ್ರಶ್ನೆಗೆ ನನಗೆ ಅರ್ಧ ಗಂಟೆ ಉತ್ತರ ಸಿಕ್ಕಿತು.

ಹೊಲಗಳ ಹೆಸರು ಬರೆದುಕೊಳ್ಳಿ. ಪಹಣಿಯಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಸಿಗುತ್ತದೆ, ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲೇ ನೋಡಬಹುದು. ಆದರೆ ಹುಣಸೆಮರದ ಹೊಲ, ಕಟ್ಟೆ ಕೆಳಗಲ ಹೊಲ, ಅತ್ತೆಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಹೊಲ, ಇವು ಯಾವ ದಾಖಲೆಯಲ್ಲೂ ಇಲ್ಲ. ಸರ್ವೆ ನಂಬರಿನ ಪಕ್ಕದಲ್ಲೇ ಈ ಹೆಸರು ಬರೆಯಿರಿ.

ಇನ್ನು ನೆಂಟಸ್ತಿಕೆ. ಆಸ್ತಿಗೆ ಅಂತ ಮಾಡಿಸಿದ ಹಳೇ ವಂಶವೃಕ್ಷ ಮನೆಯಲ್ಲಿದ್ದರೆ ಅದನ್ನು ಸುಮ್ನೆ ನಕಲು ಮಾಡಬೇಡಿ. ನಮ್ಮ ಮನೆಯದರಲ್ಲಿ ಗಂಡುಮಕ್ಕಳಷ್ಟೇ ಇದ್ದರು. ನಾನು ಎರಡು ವರ್ಷ ಅದನ್ನೇ ನಂಬಿದ್ದೆ. ಒಂದು ದಿನ ಸೋದರತ್ತೆ "ನಾವು ಐದು ಜನ ಹುಟ್ಟಿದ್ವಲ್ಲ, ಎಲ್ಲೋದ್ವಿ?" ಅಂದಾಗ ನಿಜವಾಗಿ ನಾಚಿಕೆಯಾಯಿತು. ಈಗ ನಾನು ಹೆಂಗಸರಿಂದಲೇ ಶುರು ಮಾಡುತ್ತೇನೆ. ಮದುವೆಯಾಗಿ ಹೋದ ಅತ್ತೆಯರು, ಬಂದ ಸೊಸೆಯರು, ಅವರ ತವರೂರು. ಓರಗಿತ್ತಿಯರನ್ನು ಒಟ್ಟಿಗೆ ಕೂರಿಸಿ, ಅವರೆಕಾಯಿ ಸುಲಿಯಲು ಕೊಟ್ಟು, ನೀವೂ ಸುಲಿಯುತ್ತಾ ಕೇಳಿ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುತ್ತಾರೆ, ಮಧ್ಯೆ ಜಗಳವೂ ಆಗುತ್ತದೆ. ಆಗಲಿ ಬಿಡಿ, ಎರಡೂ ಮಾತು ಬರೆದುಕೊಳ್ಳಿ. ಮುಯ್ಯಾಳಿಗೆ ಯಾರ ಮನೆಯವರು ಬರುತ್ತಿದ್ದರು ಅಂತಲೂ ಕೇಳಿ. ನಾಟಿಗೆ, ಕೊಯ್ಲಿಗೆ ಕೂಲಿ ಇಲ್ಲದೆ ಒಬ್ಬರಿಗೊಬ್ಬರು ಆಗುತ್ತಿದ್ದವರು ರಕ್ತಸಂಬಂಧಿಗಳೇ ಆಗಿರಬೇಕಿಲ್ಲ, ಆದರೂ ಅವರಿಲ್ಲದೆ ನಿಮ್ಮ ಮನೆಯ ಕಥೆ ಪೂರ್ತಿ ಆಗುವುದಿಲ್ಲ.

ಇಸವಿ ಕೇಳಬೇಡಿ. ಹೇಳಲು ಬರುವುದಿಲ್ಲ, ಮುಜುಗರ ಬೇರೆ. ಗುರುತು ಇಟ್ಟು ಕೇಳಿ. ಆಣೆ ಹೋಗಿ ನಯಾಪೈಸೆ ಬಂದಾಗ (1957) ಸ್ಕೂಲಿಗೆ ಹೋಗ್ತಿದ್ರಾ? ಮೈಸೂರು ರಾಜ್ಯ ಕರ್ನಾಟಕ ಆದಾಗ (1973) ಮದುವೆ ಆಗಿತ್ತಾ? ಇಂದಿರಾ ಗಾಂಧಿ ಸತ್ತಾಗ (1984) ಕೊನೇ ಮಗು ಹುಟ್ಟಿತ್ತಾ? ಊರಿಗೆ ಕರೆಂಟು ಬಂದದ್ದು, ಎತ್ತು ಕಟ್ಟಿ ಬಾವಿ ನೀರೆತ್ತುವ ಕಪಿಲೆ ನಿಂತು ಪಂಪ್‌ಸೆಟ್ ಬಂದದ್ದು ಕೂಡ ಒಳ್ಳೇ ಗುರುತು. ತಿಂಗಳು ಬೇಕಾದರೆ ಮಳೆ ಹೆಸರು ಹಿಡಿಯಿರಿ. "ಆರಿದ್ರ ಮಳೆ ಹಿಡ್ಕೊಂಡಿತ್ತು" ಅಂದರೆ ಜೂನ್ ಕೊನೆ ಅಥವಾ ಜುಲೈ ಮೊದಲು ಅಂತ ಲೆಕ್ಕ.

ಒಂದು ಎಚ್ಚರ. ಪುಸ್ತಕ ಪೆನ್ನು ಹಿಡಿದು ಹೊಲದ ವಿಷಯ ಕೇಳಿದರೆ ದಾಯಾದಿಗಳಿಗೆ ಅನುಮಾನ ಬರುತ್ತದೆ, ಪಾಲು ಕೇಳಲು ಬಂದನೇನೋ ಅಂತ. ದೊಡ್ಡಪ್ಪನ ಮನೆಗೆ ಹೋಗುವಾಗ ನಾನು ಮೊದಲೇ ಹೇಳಿಬಿಡುತ್ತೇನೆ: "ದೊಡ್ಡಪ್ಪ, ಇದು ಮಕ್ಕಳಿಗೆ ಓದೋಕೆ, ಬರೆದದ್ದು ಮೊದಲು ನಿಮಗೇ ತೋರಿಸ್ತೀನಿ." ತೋರಿಸಲೂಬೇಕು. ಪಾಲಾದಾಗಿನ ಜಗಳವನ್ನು ಕೆದಕಬೇಡಿ, ಅವರಾಗೇ ಹೇಳಿದರೆ ಕೇಳಿ, ಬರೆಯುವ ಮುಂಚೆ ಒಪ್ಪಿಗೆ ಪಡೆಯಿರಿ.

ರೆಕಾರ್ಡಿಂಗ್ ಅದೇ ದಿನ ಇನ್ನೊಂದು ಕಡೆ ಕಾಪಿ ಮಾಡಿ. ನನ್ನ ಫೋನ್ ನೀರಿಗೆ ಬಿದ್ದು ಅಜ್ಜಿಯ ಎರಡು ಗಂಟೆ ಮಾತು ಹೋಯಿತು. ಮತ್ತೆ ಕೇಳೋಣ ಅನ್ನುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಫೈಲಿಗೆ ಹೆಸರು, ಊರು, ತಾರೀಖು ಹಾಕಿಡಿ.

ಬರೆದದ್ದನ್ನು ಸರಿ ನೋಡಲು ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕಿಂತ ಒಳ್ಳೇ ದಿನ ಇಲ್ಲ. ಎಲ್ಲರೂ ಸೇರಿರುತ್ತಾರೆ. ಎಡೆ ಇಡುವಾಗ ಯಾವ ಎಲೆ ಯಾರಿಗೆ, ಅವರಿಗೆ ಏನು ಇಷ್ಟ ಅಂತ ಕೇಳಿ. ಹಾಳೆ ಹಿಡಿದು ಒಂದೊಂದೇ ಹೆಸರು ಗಟ್ಟಿಯಾಗಿ ಓದಿ. ಹೋದ ವರ್ಷ ನಾನು ಓದಿ ಮುಗಿಸಿದಾಗ ಚಿಕ್ಕಮ್ಮ ಒಳಗಿಂದ ಬಂದು, ಎಳೇ ವಯಸ್ಸಿನಲ್ಲೇ ತೀರಿಹೋದ ಒಬ್ಬ ಅತ್ತೆಯ ಹೆಸರು ಹೇಳಿದರು. ನಮ್ಮಲ್ಲಿ ಯಾರೂ ಆ ಹೆಸರು ಕೇಳಿರಲಿಲ್ಲ. ಅವತ್ತೇ ಇನ್ನೊಂದು ಎಲೆ ಹಾಕಿದೆವು.