ಹಂಚಿನ ಮನೆಗೊಂದು ಸ್ಟೀರಿಯೊ: ಕೊಳ್ಳುವ ಮುನ್ನ

ಮೊದಲ ಬಾರಿಗೆ ಹೈ-ಫೈ ಸ್ಟೀರಿಯೊ ಕೊಳ್ಳಲು ಹೊರಟವರು ಅಂಗಡಿಯಲ್ಲಿ ‘ಎಷ್ಟು ವ್ಯಾಟ್?’ ಎಂದು ಕೇಳುವುದು ರೂಢಿ. ಆ ಪ್ರಶ್ನೆಗೆ ಮೊದಲು ಮನೆಯ ಕೋಣೆಯನ್ನು ಗಮನಿಸಬೇಕು. ಏಕೆಂದರೆ ನಮ್ಮ ಕಿವಿಗೆ ಬೀಳುವ ಸದ್ದಿನಲ್ಲಿ ಸ್ಪೀಕರಿನಿಂದ ನೇರವಾಗಿ ಬರುವುದರ ಜೊತೆಗೆ ಗೋಡೆ, ನೆಲ, ಮಾಡುಗಳಿಗೆ ಬಡಿದು ಮರಳುವುದೂ ಸೇರಿರುತ್ತದೆ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಸದ್ದು ಝಣಝಣನೆ ಉಳಿದರೆ ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಬೇಕು. ಟೈಲ್ಸ್ ಹಾಸಿದ ಹೊಸ ಕಾಂಕ್ರೀಟ್ ಮನೆಗಳಲ್ಲಿ ಈ ತೊಂದರೆ ಹೆಚ್ಚು.

ಇರುವ ಹಣದಲ್ಲಿ ಅರ್ಧದಷ್ಟನ್ನಾದರೂ ಸ್ಪೀಕರುಗಳಿಗೆ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಕೋಣೆಗೆ ತಗ್ಗು ಸ್ವರಗಳನ್ನು ನುಡಿಸುವ ವೂಫರ್ 5 ಅಥವಾ 6 ಇಂಚಿನದಿರುವ ಚಿಕ್ಕ ಸ್ಪೀಕರ್ ಜೋಡಿ ಧಾರಾಳವಾಗಿ ಸಾಕು. ಸ್ಪೀಕರಿನ ವಿವರಪಟ್ಟಿಯಲ್ಲಿ ಸೆನ್ಸಿಟಿವಿಟಿ ಎಂಬ ಅಂಕಿಯನ್ನು ಹುಡುಕಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬುದನ್ನು ಅದು ಹೇಳುತ್ತದೆ. ಅಂಕಿ 3 ಡೆಸಿಬಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಅರ್ಧದಷ್ಟು ವ್ಯಾಟ್ ಸಾಕಾಗುತ್ತದೆ, ಅಂದರೆ 85 ಡೆಸಿಬಲಿನ ಸ್ಪೀಕರಿಗೆ 60 ವ್ಯಾಟ್ ಬೇಕಾದಲ್ಲಿ 88 ಡೆಸಿಬಲಿನದಕ್ಕೆ 30 ವ್ಯಾಟ್ ಸಾಲುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಂಚಿನ ಮೇಲೆ ಸುರಿಯುವಾಗ ಎದುರಿಗೆ ಕುಳಿತವರ ಮಾತೇ ಕೇಳದಿರುವ ನಮ್ಮ ಕೊಡಗಿನ ಮನೆಗಳಲ್ಲಿ ಈ ಅಂಕಿಗೆ ಬೆಲೆ ಹೆಚ್ಚು. ಸ್ಪೀಕರಿನ ವಿದ್ಯುತ್ ತಡೆ 8 ಓಮಿನದಾಗಿದ್ದರೆ ಸಾಧಾರಣ ಆಂಪ್ಲಿಫೈಯರಿಗೂ ಹೊರೆಯಾಗುವುದಿಲ್ಲ. 4 ಓಮಿನದಾದರೆ ಆಂಪ್ಲಿಫೈಯರ್ ಅದಕ್ಕೆ ತಕ್ಕುದೇ ಎಂದು ಅದರ ಹಿಂಬದಿಯಲ್ಲಿ ಓದಿಯೇ ಕೊಳ್ಳಬೇಕು.

ಕೇಳದೆ ಕೊಳ್ಳಬಾರದು. ಮೈಸೂರಿಗೋ ಮಂಗಳೂರಿಗೋ ಹೋಗಿ ಕೇಳುವುದಾದರೆ ಅಂಗಡಿಯವರು ಹಾಕುವ ಹಾಡಿಗೆ ಒಪ್ಪಿಕೊಳ್ಳದೆ, ನಿಮ್ಮ ಕಿವಿಗೆ ಬದುಕಿನಲ್ಲಿ ಪಳಗಿರುವ ಸದ್ದಿನ ಧ್ವನಿಮುದ್ರಣವನ್ನು ಒಯ್ಯಿರಿ. ಮದುವೆಮನೆಯ ಅಂಗಳದಲ್ಲಿ ವಾಲಗ ಕೇಳಿ ಬೆಳೆದವರಿಗೆ ಅದರ ಕೊಂಬು ಎಷ್ಟು ಚೂಪಾಗಿರಬೇಕು, ದುಡಿಯ ಚರ್ಮದ ಮೇಲೆ ಕೋಲು ಬಿದ್ದಾಗ ಪೆಟ್ಟು ಹೇಗೆ ಕಡಿದಂತೆ ನಿಲ್ಲಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದುಡಿಯ ಸದ್ದು ಗುಂಯ್‌ಗುಟ್ಟಿ ಎಳೆದರೆ, ಬೆಲೆ ಎಷ್ಟೇ ಇರಲಿ, ಆ ಜೋಡಿಯನ್ನು ಬಿಡಿ. ಎರಡು ಜೋಡಿಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಆಗಿರುವಂತೆ ನೋಡಿಕೊಳ್ಳಿ. ಸ್ವಲ್ಪ ಜೋರಾಗಿ ನುಡಿಯುವುದೇ ಚೆನ್ನಾಗಿದೆಯೆಂದು ಕಿವಿ ಭ್ರಮಿಸುತ್ತದೆ.

ಇನ್ನು ನಮ್ಮ ಜಿಲ್ಲೆಗೆ ವಿಶೇಷವಾದ ಶತ್ರು ತೇವ. ನನ್ನ ಮೊದಲ ಸ್ಪೀಕರ್ ಜೋಡಿಯನ್ನು ಪಡುವಣ ಗೋಡೆಗೆ ತಾಗಿಸಿ ನೆಲದ ಮೇಲೆಯೇ ಇಟ್ಟಿದ್ದೆ. ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ಕೆಳಅಂಚು ನೀರಲ್ಲಿ ಬಿದ್ದ ರಟ್ಟಿನಂತೆ ಉಬ್ಬಿ ಮೇಲ್ಪದರ ಎದ್ದಿತ್ತು, ಜಾಲರಿ ತೆಗೆದು ನೋಡಿದರೆ ಅದುರಿ ಸದ್ದು ಹೊರಡಿಸುವ ಕಪ್ಪು ಕಾಗದದ ಕೋನಿನ ಮೇಲೆಲ್ಲ ಬಿಳಿ ಬೂಷ್ಟಿನ ಚುಕ್ಕೆಗಳು. ಈಗಿನ ಬಹುತೇಕ ಪೆಟ್ಟಿಗೆಗಳು ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯವು. ನೀರು ಕುಡಿದ ಎಂಡಿಎಫ್ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಪಾಲಿಪ್ರೊಪಿಲೀನ್ ಕೋನು, ಅದರ ಸುತ್ತ ರಬ್ಬರಿನ ಅಂಚು ಇರುವ ಸ್ಪೀಕರನ್ನು ಆರಿಸಿಕೊಂಡು, ಮಳೆ ಬಡಿಯದ ಒಳಗೋಡೆಯ ಕಡೆಗೆ, ಸ್ಟ್ಯಾಂಡಿನ ಮೇಲೆ ಇಡಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ; ತೆಳುವಾದ ಹತ್ತಿಬಟ್ಟೆ ಸಾಕು. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಹಾಡು ಹಾಕಿದರೆ ಆಂಪ್ಲಿಫೈಯರಿನ ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಹಳೆಯ ಸ್ಪೀಕರ್ ಕೊಳ್ಳುವವರು ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಲಿ. ಅದು ಫೋಮಿನದಾಗಿದ್ದು ಪುಡಿಪುಡಿಯಾಗಿ ಉದುರಿದರೆ ಅಂಚು ಬದಲಿಸುವ ಖರ್ಚೂ ಬೆಲೆಗೆ ಸೇರುತ್ತದೆ. ಜಪಾನಿನಲ್ಲಿ ಬಳಸಿದ ಆಂಪ್ಲಿಫೈಯರ್ 100 ವೋಲ್ಟಿನದಾಗಿರುತ್ತದೆ, ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ.

ತೋಟದ ಮನೆಗಳಿಗೆ ಲೈನಿನ ಕೊನೆಯಲ್ಲಿ ವೋಲ್ಟೇಜ್ ಇಳಿದೇರುವುದರಿಂದ ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್ ಎರಡೂ ಅಗತ್ಯ. ಇನ್ವರ್ಟರ್ ಸ್ಕ್ವೇರ್ ವೇವಿನದಾಗಿದ್ದರೆ ಗುಂಯ್ ಸದ್ದು ಕಾಡಬಹುದು, ಸೈನ್ ವೇವಿನದೇ ಇರಲಿ. ಕಾಫಿಗೆ ಹೂಮಳೆ ಬರುವ ದಿನಗಳಲ್ಲಿ ಗುಡುಗಿನ ಸದ್ದು ದೂರದಲ್ಲಿ ಕೇಳಿದೊಡನೆ ಪ್ಲಗ್ಗನ್ನೂ ಆಂಟೆನಾ ತಂತಿಯನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು.

ಹಾಡಿನ ಮೂಲವಾಗಿ ಫೋನೇ ಮೊದಲಿಗೆ ಸಾಕು. ಆಕಾಶವಾಣಿ ಮಡಿಕೇರಿಯ 103.1 ಎಫ್‌ಎಂ ಬೇಕೆನ್ನುವವರು ಹೊರ ಆಂಟೆನಾ ಜೋಡಿಸಬಹುದಾದ ಟ್ಯೂನರ್ ನೋಡಬೇಕು, ಬೆಟ್ಟ ಅಡ್ಡವಿದ್ದರೆ ಎಫ್‌ಎಂ ಸೊರಗುತ್ತದೆ. ಗ್ರಾಮಫೋನ್ ತಟ್ಟೆಗಳಿರುವವರಿಗೆ ಆಂಪ್ಲಿಫೈಯರಿನಲ್ಲಿ ತಟ್ಟೆ ನುಡಿಸುವ ಯಂತ್ರಕ್ಕೆಂದೇ ಇರುವ ಫೋನೋ ಇನ್‌ಪುಟ್ ಬೇಕು.

ತಂತಿಗೆ ದುಬಾರಿ ಹಣ ಸುರಿಯಬೇಡಿ. 8 ಓಮಿನ ಸ್ಪೀಕರಿಗೆ ಐದು ಮೀಟರಿನವರೆಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಎರಡು ಸ್ಪೀಕರುಗಳೂ ನೀವು ಕೂರುವ ಜಾಗವೂ ಸಮತ್ರಿಕೋನವಾಗುವಂತೆ, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ, ಗೋಡೆಯಿಂದ ಒಂದಡಿಯಾದರೂ ಮುಂದಕ್ಕೆ ಇಟ್ಟು, ಒಬ್ಬರೇ ಹಾಡಿದ ಹಾಡೊಂದನ್ನು ಹಾಕಿ. ಧ್ವನಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಿಂದ ಬರಬೇಕು. ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ಚದುರಿದಂತಾಗಿ ತಗ್ಗು ಸ್ವರಗಳು ಸೊರಗಿದ್ದರೆ, ಒಂದು ಸ್ಪೀಕರಿನ ಕೆಂಪು ಕಪ್ಪು ತಂತಿಗಳು ಅದಲುಬದಲಾಗಿವೆ. ಆಂಪ್ಲಿಫೈಯರ್ ಆಫ್ ಮಾಡಿ, ತಂತಿ ಸರಿಪಡಿಸಿ ಮತ್ತೆ ಕೇಳಿ.