ತಪ್ಪು ಲೆಕ್ಕದ ನೋಟ್‌ಬುಕ್ಕೇ ನಮ್ಮ ತರಬೇತಿ: ಕ್ಲಸ್ಟರ್ ಸಭೆಯ ಅನುಭವ

"ಮಕ್ಕಳ ತಪ್ಪು ನೋಡ್ಕೊಂಡು ಕೂತರೆ ಮೇಷ್ಟ್ರು ಏನು ಕಲಿತಾರ್ರೀ?" ಅಂತ ನಮ್ಮ ಕ್ಲಸ್ಟರ್‌ನಲ್ಲೇ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲೇ, ನಕ್ಕವರಿದ್ದರು. ಮಕ್ಕಳ ತಪ್ಪು ಲೆಕ್ಕ ಮುಂದಿಟ್ಟುಕೊಂಡು ಶಿಕ್ಷಕರು ಕಲಿಯೋದು ಹೇಗೆ ಅಂತ ಈಗ ಪಕ್ಕದ ಕ್ಲಸ್ಟರ್‌ನವರೂ ಫೋನ್ ಮಾಡಿ ಕೇಳ್ತಾರೆ. ಅದಕ್ಕೇ ಬರೆದೆ.

ನಮ್ಮದು ಕುಷ್ಟಗಿ ಕಡೆಯ ಹಿರಿಯ ಪ್ರಾಥಮಿಕ ಶಾಲೆ. ತರಬೇತಿಗೇನೂ ಬರವಿಲ್ಲ. ಶಿಕ್ಷಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ನಿಷ್ಠಾ ತರಬೇತಿ ಆಯಿತು, ದೀಕ್ಷಾ ಅನ್ನೋ ಆನ್‌ಲೈನ್ ಕಲಿಕಾ ತಾಣದಲ್ಲಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಇಳಿಸಿಕೊಂಡೆವು. ವಿಡಿಯೊಗಳು ಚೆನ್ನಾಗಿಯೇ ಇದ್ದವು. ಆದರೆ ಅಪ್ಪ-ಅಮ್ಮನ ಜೊತೆ ಗುಳೆ ಹೋಗಿ ಮೂರು ತಿಂಗಳ ಮೇಲೆ ವಾಪಸ್ ಬರುವ ಹುಡುಗನಿಗೆ ಏನು ಮಾಡಬೇಕು ಅನ್ನೋದು ಅವುಗಳಲ್ಲಿ ಸಿಗಲಿಲ್ಲ.

ಮೊದಲು ಶಿಕ್ಷಕರಿಗಾಗಿ ಕಲರ್ ಪ್ರಿಂಟ್ ಕಾರ್ಡ್ ಮಾಡಿಸಿ ಲ್ಯಾಮಿನೇಷನ್ ಹಾಕಿಸಿದೆ. ಕೈಯಿಂದ ಮೂರೂವರೆ ಸಾವಿರದ ಹತ್ತಿರ ಹೋಯಿತು. ಎಲ್ಲರೂ ಫೋಟೋ ತೆಗೆದು ಗ್ರೂಪಿಗೆ ಹಾಕಿ 'ಸೂಪರ್ ಸರ್' ಅಂದರು. ತರಗತಿಯಲ್ಲಿ ಒಬ್ಬರೂ ಬಳಸಲಿಲ್ಲ. ಕಾರ್ಡುಗಳು ಇನ್ನೂ ಬೀರುವಿನಲ್ಲಿವೆ, ಬೇಕಿದ್ದವರು ಒಯ್ಯಬಹುದು!

ಆಮೇಲೆ ಕ್ಲಸ್ಟರ್‌ನ ಶಿಕ್ಷಕರೆಲ್ಲ ಸೇರುವ ಸಮಾಲೋಚನಾ ಸಭೆಗೆ ಕಾರ್ಡ್ ಬಿಟ್ಟು ನೋಟ್‌ಬುಕ್ ಒಯ್ದೆ. ಒಂದೇ ಲೆಕ್ಕ: 304 − 178. ಮಕ್ಕಳ ಉತ್ತರ 274. ಒಬ್ಬರಲ್ಲ ಇಬ್ಬರಲ್ಲ, ಮೂವತ್ತು ಮಕ್ಕಳಲ್ಲಿ ಹನ್ನೆರಡು-ಹದಿಮೂರು ಜನ ಇದನ್ನೇ ಬರೆದಿದ್ದರು. ನಾವೆಲ್ಲ ಇಷ್ಟು ದಿನ ಇದನ್ನು 'ಗಮನ ಕೊಡಲ್ಲ' ಅಂತ ಕೆಂಪು ಗೆರೆ ಎಳೆದು ಮುಗಿಸುತ್ತಿದ್ದೆವು. ಒಬ್ಬ ಹುಡುಗಿಯನ್ನು ಕೇಳಿದರೆ, "ದೊಡ್ಡದರಾಗ ಸಣ್ಣದು ಕಳೀಬೇಕಲ್ರೀ ಸರ್" ಅಂದಳು. ಎಂಟರಲ್ಲಿ ನಾಲ್ಕು, ಏಳರಲ್ಲಿ ಸೊನ್ನೆ. ಅವಳು ನಿಯಮ ತಪ್ಪಿಲ್ಲ, ಕೆಳಗಿನ ತರಗತಿಯಲ್ಲಿ ಹೇಳಿಕೊಟ್ಟ ಮಾತನ್ನು ಹಾಗೇ ಪಾಲಿಸಿದ್ದಾಳೆ. ಅವತ್ತು ಸಭೆಯಲ್ಲಿ ಚಹಾ ಆರಿಹೋದರೂ ಮಾತು ನಿಲ್ಲಲಿಲ್ಲ. ಈ ತಪ್ಪು ತಿದ್ದಲು ಗಣಿತ ಕಲಿಕಾ ಆಂದೋಲನದ ಕಿಟ್, ಅಂದರೆ ಶಾಲೆಗೆ ಬಂದ ಗಣಿತ ಸಾಮಗ್ರಿಯ ಪೆಟ್ಟಿಗೆ, ಇತ್ತು, ನಿಜ. ಆದರೆ ನೂರನ್ನು ಬಿಚ್ಚಿ ಹತ್ತು ಹತ್ತರ ಕಟ್ಟು ಮಾಡೋದಕ್ಕೆ ಕಸಬರಿಗಿ ಕಡ್ಡಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ರಬ್ಬರ್ ಬ್ಯಾಂಡಿಗೆ ನಲವತ್ತು ರೂಪಾಯಿ, ಅಷ್ಟೇ ಖರ್ಚು.

ಎರಡನೇ ಕೆಲಸ ಸ್ವಲ್ಪ ಕಷ್ಟದ್ದು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂತು, ಯಾರಿಗೆ ಪ್ರಶ್ನೆ ಹೋಯಿತು ಅಂತ ಆಸನದ ನಕ್ಷೆಯಲ್ಲಿ ಗೆರೆ ಹಾಕೋದು. ಜಪಾನಿನ ಶಿಕ್ಷಕರು ಒಬ್ಬರ ಪಾಠವನ್ನು ಎಲ್ಲರೂ ಕೂತು ನೋಡುವ ಪದ್ಧತಿ ಗೊತ್ತಲ್ವಾ, ಅದರ ಬಡವರ ಆವೃತ್ತಿ. ನನ್ನ ಪೀರಿಯಡ್ಡಿನಲ್ಲೇ ಅರ್ಧಕ್ಕಿಂತ ಜಾಸ್ತಿ ಗೆರೆ ಮುಂದಿನ ನಾಲ್ಕು ಹುಡುಗರ ಮೇಲೆ ಬಿದ್ದಿತ್ತು. ಬಾಗಿಲ ಪಕ್ಕದ ಹುಡುಗಿಯರಿಗೆ 'ಅರ್ಥ ಆಯ್ತಾ?' ಬಿಟ್ಟು ಬೇರೆ ಪ್ರಶ್ನೆಯೇ ಇಲ್ಲ. ಹಿರಿಯ ಮೇಷ್ಟ್ರುಗಳನ್ನು ಈ ನಕ್ಷೆಗೆ ಹೇಗೆ ಒಪ್ಪಿಸಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಗುಟ್ಟು.

ನಡುವೆ ಒಂದು ಅಡ್ಡ ಪ್ರಯೋಗ. ಅಮ್ಮನ ಜೊತೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹುಡುಗನಿಗೆ ಅದೇ ಲೆಕ್ಕವನ್ನು ಚಿಲ್ಲರೆ ಮಾಡಿ ಕೇಳಿದೆ. "178ಕ್ಕ ಎರಡು ಹಾಕಿದ್ರ 180, ಇಪ್ಪತ್ತು ಹಾಕಿದ್ರ 200, ಮ್ಯಾಲೆ 104. ನೂರಾ ಇಪ್ಪತ್ತಾರು." ಹಾಳೆ ಕೊಟ್ಟರೆ ಮತ್ತೆ 274! ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿಯಲ್ಲಿ ಮಾರುವ ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಥೆ. ಅವನ ದಾರಿಯನ್ನೇ ಬೋರ್ಡಿನ ಮೇಲೆ ಬರೆಸಿದೆ. ಮುಂದಿನ ಸಾಲಿನವರೇ ಅವನನ್ನು ಕೇಳಿ ಕಲಿತರು. ಗುಣಾಕಾರಕ್ಕೂ ಹೀಗೇ ಮಾಡಲು ಹೋದೆ, ಅದು ಅಷ್ಟು ಕೂಡಿಬರಲಿಲ್ಲ.

ಫೆಬ್ರವರಿ ಹೊತ್ತಿಗೆ 274 ಬರೆಯುವವರು ಮೂರ್ನಾಲ್ಕು ಜನ ಉಳಿದರು, ಹೆಚ್ಚಿನವರು ಆಗಷ್ಟೇ ಗುಳೆಯಿಂದ ಬಂದವರು. ಇಡೀ ವರ್ಷದ ಜೆರಾಕ್ಸ್, ಚಹಾ ಸೇರಿ ಎಂಟುನೂರು ದಾಟಿರಲಿಕ್ಕಿಲ್ಲ. ನೋಟ್‌ಬುಕ್ಕಿನ ಫೋಟೋ ಗ್ರೂಪಿಗೆ ಹಾಕುವವರು ಮಗುವಿನ ಹೆಸರು ಮುಚ್ಚಿ ಹಾಕಿ. ಈ ವರ್ಷ ಭಿನ್ನರಾಶಿಗೆ ಕೈ ಹಾಕಿದ್ದೇವೆ. 1/3 + 1/4 = 2/7 ಅಂತ ಬರೆದ ನೋಟ್‌ಬುಕ್ಕುಗಳು ಆಗಲೇ ಒಂದು ಚೀಲ ತುಂಬಿವೆ.